ಗಂಗತ್ತಿಯ ಕ್ಯೂರಿಯೊಗಳು

ಹೋದ ತಿಂಗಳು ಸಿಂಧನೂರಿನಲ್ಲಿ ಒಂದು ಮನೆಯ ಗೃಹಪ್ರವೇಶಕ್ಕೆ ಹೋಗುವುದಿತ್ತು. ಉಡುಗೊರೆ ಹುಡುಕುತ್ತ, ಹೊಸದಾಗಿ ತೆರೆದಿದ್ದ ಒಂದು ಅಂಗಡಿಯ ಮೆಟ್ಟಿಲು ಹತ್ತಿದೆ. ಒಳಗೆ ಕಾಲಿಡುತ್ತಲೇ ಹುಣಸೆಹುಳಿಯ ವಾಸನೆ ಬಂತು. ಮೂಲೆಯಲ್ಲಿ ಕೂತಿದ್ದ ಹೆಂಗಸೊಬ್ಬಳು ಹಿತ್ತಾಳೆಯ ನವಿಲೊಂದಕ್ಕೆ ನೆನೆಸಿದ ಹುಳಿ ಹಚ್ಚಿ ತಿಕ್ಕುತ್ತಿದ್ದಳು. ಹುಳಿ, ಒದ್ದೆ ಬೂದಿ, ಹಿತ್ತಾಳೆಯ ಕಿಲುಬು ಸೇರಿದ ಆ ವಾಸನೆ ಮೂಗಿಗಿಂತ ಮೊದಲು ಗಂಟಲಿಗೆ ತಾಗಿತು. ಯಾರೋ ಹಿಂದಿನಿಂದ ಬಂದು ಹೆಗಲು ಮುಟ್ಟಿದಂತಾಗಿ ನಿಂತುಬಿಟ್ಟೆ. ಗೋಡೆಯ ತುಂಬ ಕಪಾಟು, ಕಪಾಟಿನ ತುಂಬ ಆನೆ, ಆಮೆ, ಹಡಗು, ಗಡಿಯಾರ. "ಇವಕ್ಕೆಲ್ಲ ಏನಂತಾರಪ್ಪ?" ಎಂದು ಅಂಗಡಿಯ ಹುಡುಗನನ್ನು ಕೇಳಿದೆ. "ಕ್ಯೂರಿಯೊ ಅಂತಾರ್ರಿ ಮೇಡಂ. ಶೋಕೇಸಿಗೆ ಇಡೋ ಸಾಮಾನು" ಅಂದ. ಅವನು ಹೇಳಿದ್ದು ತಪ್ಪಲ್ಲ. ಆದರೆ ಆ ಪದದ ಅರ್ಥವನ್ನು ನಾನು ಕಲಿತದ್ದು ಬೇರೆ ಕಡೆ, ಬೇರೆಯವರ ಬಾಯಿಂದ.

ನಮ್ಮ ಮನೆ ಮಸ್ಕಿಯಲ್ಲಿ, ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಯ ಬದಿಗೇ ಇತ್ತು. ಮಣ್ಣಿನ ಮಾಳಿಗೆ, ಆಳೆತ್ತರಕ್ಕೂ ಮೀರಿದ ಕಲ್ಲಿನ ಗೋಡೆ, ರಸ್ತೆಗೆ ಬಾಗಿಲಿದ್ದ ಒಂದು ಹೊರಗಿನ ಖೋಲಿ, ಅದರ ಹಿಂದೆ ಪಡಸಾಲೆ, ಪಡಸಾಲೆ ದಾಟಿದರೆ ಹಗಲಲ್ಲೂ ಮಬ್ಬಾಗಿರುತ್ತಿದ್ದ ಅಡುಗೆಮನೆ. ಬೇಸಿಗೆಯಲ್ಲಿ ಊರಿಗೆ ಊರೇ ಕಾದ ಹಂಚಾಗಿದ್ದಾಗಲೂ ಪಡಸಾಲೆಯ ಫರ್ಸಿಕಲ್ಲಿನ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದರೆ ಬಾವಿಯ ನೀರಿನಂಥ ತಂಪು. ಬಸ್ಸು ಹೋದಾಗಲೆಲ್ಲ ಮಾಳಿಗೆಯಿಂದ ಸಣ್ಣಗೆ ಮಣ್ಣು ಉದುರುತ್ತಿತ್ತು, ಅವ್ವ ಬೈಯುತ್ತ ಗುಡಿಸುತ್ತಿದ್ದಳು. ಅಪ್ಪನದು ಬೀಜ, ಗೊಬ್ಬರದ ಅಂಗಡಿ. ಆದರೆ ಮನೆಯ ಯಜಮಾನಿಕೆ ಅಪ್ಪನದಲ್ಲ, ಅಪ್ಪನ ಅಕ್ಕ ಗಂಗಮ್ಮನದು. ನಮಗೆ ಅವಳು ಗಂಗತ್ತಿ. ತುರ್ವಿಹಾಳಕ್ಕೆ ಕೊಟ್ಟಿದ್ದರು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ಜ್ವರದಲ್ಲಿ ತೀರಿಕೊಂಡ. ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಅಜ್ಜ ಬಹಳ ಯೋಚನೆಯ ಮನುಷ್ಯ. ಮಗಳು ಮುಂದೆ ಯಾರ ಕೈಯನ್ನೂ ನೋಡುವಂತಾಗಬಾರದು ಎಂದು, ಹೊಲಗಳನ್ನು ಇಬ್ಬರು ಗಂಡುಮಕ್ಕಳಿಗೆ ಹಂಚಿ ಮನೆಯನ್ನು ಅವಳ ಹೆಸರಿಗೆ ಮಾಡಿ ಹೋಗಿದ್ದ.

ಗಂಗತ್ತಿಗೆ ಒಂದು ಹುಚ್ಚಿತ್ತು. ಎಲ್ಲಿಯಾದರೂ ಏನಾದರೂ ವಿಚಿತ್ರ ವಸ್ತು ಕಂಡರೆ ಅದನ್ನು ತಂದು ಪಡಸಾಲೆಯ ಗೋಡೆಯೊಳಗಿನ ಅಲಮಾರಿನಲ್ಲಿ ಇಡುತ್ತಿದ್ದಳು. ಹೊಲ ಉಳುವಾಗ ಸಿಕ್ಕ, ಕೊಡಲಿಯ ಬಾಯಿಯಂತೆ ನುಣುಪಾಗಿ ಮಸೆದ ಒಂದು ಕರಿಗಲ್ಲು ಅಲ್ಲಿತ್ತು. ಊರಿನವರು ಅದನ್ನು ಸಿಡಿಲಿನ ಕಲ್ಲು ಅನ್ನುತ್ತಿದ್ದರು. ಕೀಲಿಕೈಯನ್ನು ಉಲ್ಟಾ ತಿರುಗಿಸಿದರೆ ಮಾತ್ರ ತೆರೆಯುವ ನಿಜಾಮರ ಕಾಲದ ಒಂದು ಹಿತ್ತಾಳೆ ಕೀಲಿ, ಕತ್ತಿನಲ್ಲಿ ಗೋಲಿ ಸಿಕ್ಕಿಕೊಂಡ ಹಸಿರು ಸೋಡಾ ಬಾಟಲಿ, ಮುಳ್ಳುಹಂದಿಯ ಮುಳ್ಳು, ಹಟ್ಟಿಯ ಚಿನ್ನದ ಗಣಿಯ ಕಡೆಯಿಂದ ಯಾರೋ ತಂದುಕೊಟ್ಟ, ಬಂಗಾರವಲ್ಲದಿದ್ದರೂ ಬಂಗಾರದಂತೆ ಹೊಳೆಯುವ ಬೆಣಚುಕಲ್ಲು. ಪ್ರತಿ ಅಮಾವಾಸ್ಯೆಯ ಹಿಂದಿನ ದಿನ ಎಲ್ಲವನ್ನೂ ಕೆಳಗಿಳಿಸಿ, ಹಿತ್ತಾಳೆಯದಕ್ಕೆ ಹುಳಿ ಹಚ್ಚಿ, ಕಲ್ಲುಗಳಿಗೆ ನೀರು ಹಾಕಿ ತೊಳೆದು, ಮಗುವಿನ ಮೈ ಒರೆಸಿದಂತೆ ಒರೆಸಿ ಮತ್ತೆ ಜೋಡಿಸುತ್ತಿದ್ದಳು. ಓಣಿಯ ಹೆಂಗಸರು ಅದನ್ನು ಗಂಗವ್ವನ ಗುಜರಿ ಅನ್ನುತ್ತಿದ್ದರು. ಅವಳಿಗೆ ಬೇಸರವಿರಲಿಲ್ಲ. ತಾನು ಇಡುತ್ತಿದ್ದ ವಸ್ತುಗಳಿಗೆ ಒಂದು ಹೆಸರಿಲ್ಲವಲ್ಲ ಅನ್ನುವುದಷ್ಟೇ ಅವಳ ಕೊರತೆ. "ಪಾತ್ರಿಗೆ ಪಾತ್ರಿ ಅಂತಾರ, ಬಟ್ಟಿಗೆ ಬಟ್ಟಿ ಅಂತಾರ. ಇವಕ್ಕ ಏನಂತಾರ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳು.

ಆ ಹೆಸರು ತಂದವರು ಯಶವಂತ ಮಾಸ್ತರರು. ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಹೊಸದಾಗಿ ಬಂದಿದ್ದರು. ಸಿಂಧನೂರಿನ ಹತ್ತಿರದ ಗೊರೇಬಾಳದವರು. ಅವರ ತಂದೆ ತಾಯಿ ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದ್ದರು. ಮನೆತನ ಬೌದ್ಧ ಧರ್ಮಕ್ಕೆ ಸೇರಿತ್ತು. ಮಸ್ಕಿಯಲ್ಲಿ ಬಾಡಿಗೆಗೆ ಖೋಲಿ ಕೇಳಿಕೊಂಡು ಹೋದಲ್ಲೆಲ್ಲ ಮೊದಲು ನೀರು, ಆಮೇಲೆ "ನೀವು ಯಾರ ಪೈಕ್ರಿ?" ಅನ್ನುವ ಪ್ರಶ್ನೆ. ಅವರು ಮುಚ್ಚಿಡುತ್ತಿರಲಿಲ್ಲ. ಕೇಳಿದ ತಕ್ಷಣ ಮನೆಯವರು, ಖೋಲಿ ಬೇರೆಯವರಿಗೆ ಕೊಟ್ಟಾಗಿದೆ ಅನ್ನುತ್ತಿದ್ದರು. ನಮ್ಮ ಮನೆಗೂ ಬಂದರು. ಅಪ್ಪ ಬಾಗಿಲ ಚಿಲಕ ಹಿಡಿದು ನಿಂತಿದ್ದಾಗ ಗಂಗತ್ತಿಯೇ ಮುಂದೆ ಬಂದಳು. "ಹುಡುಗ್ರಿಗೆ ಇಂಗ್ಲಿಷ್ ಕಲಸಾಕ ಬಂದೀರಿ. ನಮ್ಮ ಶಾರಿಗೂ ಒಂದೀಟು ಹೇಳ್ತೀರೇನು?" "ಹೇಳ್ತೀನ್ರಿ ಅಕ್ಕಾರ." "ಹಂಗಾದ್ರ ಹೊರಗಿನ ಖೋಲಿ ತಗೋರಿ." ಶಾರಿ ಅಂದರೆ ನಾನು. ಹೀಗೆ ನನ್ನ ಇಂಗ್ಲಿಷ್ ಮತ್ತು ಮಾಸ್ತರರ ಟ್ರಂಕು ಒಂದೇ ದಿನ ನಮ್ಮ ಮನೆ ಸೇರಿದವು.

ಮಾಸ್ತರರು ಪಡಸಾಲೆಗೆ ಬಂದು ನನಗೆ ಪಾಠ ಹೇಳುತ್ತಿದ್ದರು. ಮೊದಲ ಸಂಜೆಯೇ ಅವರ ಕಣ್ಣು ಪುಸ್ತಕ ಬಿಟ್ಟು ಅಲಮಾರಿನ ಕಡೆ ಹೋಯಿತು. "ಅಕ್ಕಾರ, ಇವು ಕ್ಯೂರಿಯೊ ಅಲ್ಲೇನ್ರಿ!" ಅಂದರು. ಗಂಗತ್ತಿ ಕೆಲಸ ಬಿಟ್ಟು ಹೊರಗೆ ಬಂದಳು. "ಕುರಿಯೋ? ಕುರಿ ಎಲ್ಲೈತ್ರಿ ಇಲ್ಲೆ?" ಮಾಸ್ತರರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಕೊನೆಗೆ ಅವಳೂ ನಕ್ಕು, "ಕುರಿಯೋ ಆಡೋ, ಬಿಡಿಸಿ ಹೇಳ್ರಿ" ಅಂದಳು. ಮಾಸ್ತರರು ತಮ್ಮ ಖೋಲಿಗೆ ಹೋಗಿ ದಪ್ಪನೆಯ ನಿಘಂಟು ತಂದರು. ಅಪರೂಪದ, ವಿಚಿತ್ರವಾದ, ನೋಡಿದವರಲ್ಲಿ ತಿಳಿಯುವ ಆಸೆ ಹುಟ್ಟಿಸುವ ವಸ್ತು ಎಂದು ಓದಿ ಕನ್ನಡದಲ್ಲಿ ಹೇಳಿದರು. ಕ್ಯೂರಿಯಾಸಿಟಿ ಅನ್ನುವ ಉದ್ದ ಪದ ಸವೆದು ಇಷ್ಟಾಗಿದೆ ಎಂದೂ ಹೇಳಿದರು. ಆಮೇಲೆ ನಿಘಂಟು ಮುಚ್ಚಿ, "ಭಾರಿ ಬೆಲೆದ್ದು ಇರಬೇಕಂತ ಏನಿಲ್ರಿ. ನೋಡಿದವರು 'ಇದೇನಿದು?' ಅಂತ ಕೇಳಬೇಕು. ಕೇಳಿದ್ರ ಅದು ಕ್ಯೂರಿಯೊ" ಅಂದರು. ಗಂಗತ್ತಿ ಅದನ್ನು ಬಾಯಲ್ಲಿ ಒಂದೆರಡು ಸಲ ಹೊರಳಿಸಿದಳು. ಎಷ್ಟೋ ವರ್ಷ ಹೆಸರಿಡದೆ ಬೆಳೆಸಿದ ಮಕ್ಕಳಿಗೆ ಅಂದು ತೊಟ್ಟಿಲಾಯಿತು. ಅವಳ ಮುಖದಲ್ಲಿ ಆ ಸಂಭ್ರಮವಿತ್ತು.

ಅಂದಿನಿಂದ ಆ ಪದ ನಮ್ಮ ಮನೆಯ ಮಗುವೇ ಆಯಿತು. ಎರಡು ಕೂಡಿಕೊಂಡು ಬೆಳೆದ ಬದನೆಕಾಯಿ ಕ್ಯೂರಿಯೊ. ಮಾಳಿಗೆಯ ಮೇಲೆ ಬಿದ್ದ ಹೆಸರು ಗೊತ್ತಿಲ್ಲದ ಹಕ್ಕಿಯ ಗರಿ ಕ್ಯೂರಿಯೊ. ಓಣಿಯವರು ತಮಗೆ ಸಿಕ್ಕ ಚೂರುಪಾರುಗಳನ್ನು ತಂದು, "ನೋಡು ಗಂಗವ್ವ, ಇದು ಕೂರ್ಯಾ ಆಗತೈತೇನು?" ಎಂದು ಕೇಳತೊಡಗಿದರು. ಅವಳು ಅದನ್ನು ಅಂಗೈಯಲ್ಲಿಟ್ಟು, ಬೆಳಕಿಗೆ ಹಿಡಿದು, ನಮ್ಮೆಲ್ಲರ ಮುಖ ನೋಡುತ್ತಿದ್ದಳು. ಯಾರೂ ಏನೂ ಕೇಳದಿದ್ದರೆ ವಾಪಸು ಕೊಡುತ್ತಿದ್ದಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ಆ ಹೆಂಗಸಿಗೆ ತಿಳಿಯುವ ಹಸಿವು ಎಷ್ಟಿತ್ತೆಂದರೆ, ಸಿಡಿಲಿನ ಕಲ್ಲು ನಿಜವಾಗಿ ಸಿಡಿಲಿನದಲ್ಲ, ಕಬ್ಬಿಣ ಗೊತ್ತಿಲ್ಲದ ಕಾಲದ ಜನ ಈ ಗುಡ್ಡಗಳಲ್ಲಿ ಕೂತು ಮಸೆದ ಕೊಡಲಿ ಎಂದು ಮಾಸ್ತರರು ಹೇಳಿದ ದಿನ ಅವಳು ಊಟ ಮಾಡುವುದನ್ನೂ ಮರೆತಳು. ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚಿನ ಮೇಲೆ ಹೆಬ್ಬೆರಳು ಸವರುತ್ತ ಕೂತಿದ್ದಳು. "ಮಾಸ್ತರ್ರ, ಇದನ್ನ ಮಸದಾವ ಗಂಡಸೋ ಹೆಂಗಸೋ?" ಅಂದಳು. "ಅದು ಯಾರಿಗೂ ಗೊತ್ತಿಲ್ರಿ ಅಕ್ಕಾರ." "ಹೆಬ್ಬಟ್ಟು ಕೂಡೋ ಜಾಗ ನನಗ ಸರಿ ಆಗಾಕತ್ತೈತಿ ನೋಡ್ರಿ." ಇಬ್ಬರೂ ಆ ಕಲ್ಲಿನ ಮೇಲೆ ಬಾಗಿ ಕೂತಿದ್ದ ದೃಶ್ಯ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ. ನಿಮ್ಮ ಬಾಲ್ಯದ ಮನೆಯಲ್ಲೂ ಇಂಥ ಒಬ್ಬರು ಇದ್ದಿರಬಹುದು. ಇದ್ದಿದ್ದರೆ, ಇಂಥ ಸಂಜೆಗಳು ಎಷ್ಟು ಉದ್ದವಾಗಿರುತ್ತಿದ್ದವು ಎಂದು ನಾನು ಹೇಳಬೇಕಾಗಿಲ್ಲ.

ಮಾಸ್ತರರ ಊಟವೂ ನಮ್ಮ ಮನೆಯದೇ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಅವರಿಗೆಂದು ಒಂದು ಬೇರೆ ತಾಟು, ಒಂದು ಲೋಟ ಇದ್ದವು. ಅವು ಹೊರಗಿನ ಖೋಲಿಯ ಗೂಡಿನಲ್ಲಿರುತ್ತಿದ್ದವು. ಅವ್ವ ಅಥವಾ ನಾನು ಊಟ ಒಯ್ದು, ಮೇಲಿನಿಂದ ಅವರ ತಾಟಿಗೆ ಬಡಿಸಿ ಬರುತ್ತಿದ್ದೆವು. ಅವರು ಉಂಡು, ತಾವೇ ತೊಳೆದು ಗೂಡಿನಲ್ಲಿಡುತ್ತಿದ್ದರು. ಪಾಠಕ್ಕೆ ಪಡಸಾಲೆಗೆ ಬರುತ್ತಿದ್ದವರು ಊಟಕ್ಕೆ ಯಾಕೆ ಬರುವುದಿಲ್ಲ ಎಂದು ಯಾರೂ ಕೇಳಲಿಲ್ಲ. ಎಲ್ಲವನ್ನೂ ಕೇಳುತ್ತಿದ್ದ ಗಂಗತ್ತಿಯೂ ಕೇಳಲಿಲ್ಲ.

ಶ್ರಾವಣದ ಒಂದು ಸೋಮವಾರ ದೊಡ್ಡಪ್ಪ ಲಿಂಗಸುಗೂರಿನಿಂದ ಬಂದ. ಅಪ್ಪನಿಗೂ ಗಂಗತ್ತಿಗೂ ಹಿರಿಯ. ಅಲ್ಲಿ ಅವನದು ಕಾಳುಕಡಿಯ ಅಡತಿ ವ್ಯಾಪಾರ, ಎತ್ತರದ ದನಿ, ಹಣೆಯ ತುಂಬ ವಿಭೂತಿ. ನಮಗೆಲ್ಲ ಅವನೆಂದರೆ ಪ್ರೀತಿಯೂ ಅಂಜಿಕೆಯೂ. ಗಂಗತ್ತಿ ಗಂಡನನ್ನು ಕಳೆದುಕೊಂಡಾಗ ಗಾಡಿ ಕಟ್ಟಿಕೊಂಡು ತುರ್ವಿಹಾಳಕ್ಕೆ ಹೋಗಿ ಅವಳನ್ನು ಕರೆತಂದವನು ಅವನೇ. ಪೂಜೆ ಮುಗಿದಿತ್ತು. ಅಡುಗೆಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು. ಬೆಲ್ಲ, ಏಲಕ್ಕಿ, ತುಪ್ಪದ ಹೊಗೆ ಪಡಸಾಲೆ ತುಂಬಿತ್ತು. ಶಾಲೆಗೆ ಮಧ್ಯಾಹ್ನ ರಜೆಯಿದ್ದುದರಿಂದ ಮಾಸ್ತರರು ತಮ್ಮ ಖೋಲಿಯಲ್ಲೇ ಇದ್ದರು. ಖೋಲಿಗೂ ಪಡಸಾಲೆಗೂ ನಡುವಿನ ಬಾಗಿಲು ತೆರೆದೇ ಇತ್ತು. ದೊಡ್ಡಪ್ಪ ಆ ಬಾಗಿಲು ನೋಡಿದ, ಅಲಮಾರು ನೋಡಿದ, ಕೂತ.

"ಗಂಗವ್ವಾ, ಕಲ್ಲು, ಬಾಟ್ಲಿ, ಮುಳ್ಳು ತಂದಿಟ್ಕೊಂಡಿ. ಸುಮ್ಮನಿದ್ವಿ. ಅದಕ್ಕೇನೋ ಹೆಸರಿಟ್ಟೀಯಂತ."

"ಕ್ಯೂರಿಯೊ ಅಣ್ಣಾ."

"ಹಾಂ, ಅದs. ಈಗ ಹೊರಗಿನ ಖೋಲ್ಯಾಗ ಒಂದು ಜೀವಂತ ಕ್ಯೂರಿಯೊ ತಂದಿಟ್ಟೀಯಲ್ಲ. ಮಂದಿ ಬಂದು ನೋಡಿ ಹೋಗಾಕತ್ತಾರೇನು? ಲಿಂಗಸುಗೂರಿನ ತನಕ ಸುದ್ದಿ ಬಂದೈತಿ."

ಖೋಲಿಯಲ್ಲಿ ಪುಟ ತಿರುವುವ ಸದ್ದು ನಿಂತಿತು. ಅಪ್ಪ ತಲೆ ತಗ್ಗಿಸಿದ. ಒಲೆಯ ಮುಂದಿದ್ದ ಅವ್ವನ ಕೈ ಹಂಚಿನ ಮೇಲೇ ಉಳಿದು, ಹೋಳಿಗೆ ಸೀದ ವಾಸನೆ ಬಂತು. ಗಂಗತ್ತಿ ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡೆ. ಅವಳು ಹಾಗೆ ಮಾಡಲಿಲ್ಲ. ನಡುಬಾಗಿಲಿಗೆ ಹೋಗಿ ನಿಂತು, ಮಾಸ್ತರರನ್ನಲ್ಲ, ಖೋಲಿಯ ಗೂಡಿನಲ್ಲಿದ್ದ ಆ ತಾಟನ್ನು ಬಹಳ ಹೊತ್ತು ನೋಡಿದಳು. ಅವಳ ಮುಖ ಇಳಿದುಹೋಯಿತು. ಅಣ್ಣನ ಮಾತಿಗಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ಆಮೇಲೆ. ಒಳಗೆ ಬಂದವಳೇ ಸಾಲಿನಲ್ಲಿ ತಾಟುಗಳನ್ನು ಹಾಕಿದಳು. ದೊಡ್ಡಪ್ಪನಿಗೆ, ಅಪ್ಪನಿಗೆ, ನನಗೆ, ಮತ್ತೆ ಅದೇ ಸಾಲಿನಲ್ಲಿ ಇನ್ನೊಂದು. "ಮಾಸ್ತರ್ರ, ಒಳಗ ಬರ್ರಿ. ತಾಟು ಹಾಕೀನಿ" ಎಂದು ಕರೆದಳು.

ಮಾಸ್ತರರು ಬಾಗಿಲಿಗೆ ಬಂದರು. ಅವರ ದನಿ ಗಟ್ಟಿಯಾಗಿತ್ತು. "ಬ್ಯಾಡ್ರಿ ಅಕ್ಕಾರ. ನನ್ನ ಸಲುವಾಗಿ ಅಣ್ಣ ತಂಗಿ ಬ್ಯಾರಿ ಆಗೂದು ಬ್ಯಾಡ."

"ನಿಮ್ಮ ಸಲುವಾಗಿ ಅಲ್ರಿ. ಅಣ್ಣ ಈಗ ಬಾಯಿಲೆ ಅಂದ. ನಾ ಇಷ್ಟು ದಿನ ಕೈಲೆ ಮಾಡೀನಿ. ಆ ತಾಟು ಹೊರಗಿಟ್ಟಾಕಿ ನಾನs ಅಲ್ಲೇನು?"

ಮಾಸ್ತರರು ಗೂಡಿನ ತಾಟಿನ ಕಡೆ ತಿರುಗಿ ನೋಡಿದರು. "ಬರ್ತೀನ್ರಿ. ಆದ್ರ ಇವತ್ತ ಒಂದಿನದ ಊಟಕ್ಕಾದ್ರ ಬರಂಗಿಲ್ಲ."

"ದಿನಾ ಬರ್ರಿ" ಅಂದಳು ಗಂಗತ್ತಿ.

ದೊಡ್ಡಪ್ಪ ಎದ್ದ. "ನಾನೋ, ಅವನೋ?" ಅನ್ನಲಿಲ್ಲ. ಹಾಗೆ ಕೇಳಿದರೆ ಉತ್ತರ ಬರುತ್ತದೆಂದು ಅವನಿಗೆ ಗೊತ್ತಿತ್ತು ಅನಿಸುತ್ತದೆ. ಗೂಟದ ಮೇಲಿನ ಟೋಪಿ ತೆಗೆದುಕೊಂಡ. ಗಂಗತ್ತಿ ಅವನ ಹಿಂದೆ ಹೊಸ್ತಿಲ ತನಕ ಹೋಗಿ, "ಅಣ್ಣಾ, ಹೋಳಿಗಿ ಉಂಡು ಹೋಗು. ನಿನಗಂತs ಮಾಡೀನಿ" ಅಂದಳು. ಅವನು ತಿರುಗಿ ನೋಡಲಿಲ್ಲ. ಅವಳು ಹಿಂದಿರುಗಿ ಬಂದಾಗ ಮಾಸ್ತರರು ಇನ್ನೂ ಬಾಗಿಲಲ್ಲೇ ಇದ್ದರು. ಆಗ ಅಪ್ಪ ಕೂತಲ್ಲೇ ಒಂದು ಮೊಳ ಸರಿದು ಚಾಪೆಯ ಮೇಲೆ ಜಾಗ ಮಾಡಿದ. ಮಾಸ್ತರರು ಬಂದು ಕೂತರು. ಅವ್ವ ಬಡಿಸಿದಳು. ನಾನು ಹೋಳಿಗೆ ಇನ್ನೊಂದು ಬೇಕು ಅಂದೆ, ಎಲ್ಲರೂ ನನ್ನ ಕಡೆ ನೋಡಿ ಬದುಕಿದೆವು ಅನ್ನುವಂತೆ ಉಸಿರು ಬಿಟ್ಟರು.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಓಣಿಯ ಕೆಲವು ಹೆಂಗಸರು ನಮ್ಮ ಮನೆಯ ನೀರು ಮುಟ್ಟುವುದನ್ನು ಬಿಟ್ಟರು. ದೊಡ್ಡಪ್ಪ ಬರುವುದನ್ನೇ ನಿಲ್ಲಿಸಿದ. ಅವನ ಮಗಳ ಮದುವೆ ಲಿಂಗಸುಗೂರಿನಲ್ಲಿ ನಡೆದಾಗ ಅಪ್ಪ, ಅವ್ವನಿಗೆ ಕರೆ ಬಂತು, ಗಂಗತ್ತಿಗೆ ಬರಲಿಲ್ಲ. ಆ ಹುಡುಗಿಯನ್ನು ಎಳೆಮಗುವಾಗಿದ್ದಾಗ ಎರೆದು, ತೂಗಿ ಬೆಳೆಸಿದವಳು ಅವಳು. ಅಪ್ಪ ತಾನೂ ಹೋಗುವುದಿಲ್ಲ ಅಂದ. "ಹೋಗು, ಅಕ್ಕಿಕಾಳು ಹಾಕಾಕ ಈ ಮನಿ ಕಡೀಂದ ಒಬ್ರರ ಇರಬೇಕು" ಎಂದು ಅವಳೇ ಕಳಿಸಿದಳು. ಮದುವೆಯ ಮುಹೂರ್ತದ ಹೊತ್ತಿಗೆ ತಲೆಬಾಗಿಲ ಕಟ್ಟೆಯ ಮೇಲೆ ಕೂತು, ಲಿಂಗಸುಗೂರಿನ ಕಡೆಯ ರಸ್ತೆಗೆ ಮುಖ ಮಾಡಿ, ಕೈಯಲ್ಲಿದ್ದ ಅಕ್ಕಿಕಾಳನ್ನು ಗಾಳಿಗೆ ಹಾಕಿದಳು. ಗುಬ್ಬಿಗಳು ಬಂದು ಆರಿಸಿಕೊಂಡವು.

ಆ ಪದದ ಬಳಕೆಯಲ್ಲೂ ಒಂದು ಕಟ್ಟುನಿಟ್ಟು ಬಂತು. ಮೊದಲು ಓಣಿಯಲ್ಲಿ ಹಾಯುವ ವಿಚಿತ್ರ ವೇಷದವರನ್ನು, ದೊಡ್ಡ ಮೀಸೆಯವರನ್ನು ಕಂಡಾಗ ಅವಳೂ ತಮಾಷೆಗೆ ಕ್ಯೂರಿಯೊ ಅನ್ನುತ್ತಿದ್ದಳು. ಈಗ ನಾನು ಹಾಗೆ ಅಂದ ಒಂದು ದಿನ ನನ್ನ ಗದ್ದ ಹಿಡಿದಳು. "ಶಾರಿ, ಆ ಮಾತು ಮನಷ್ಯಾರಿಗೆ ಹತ್ತಂಗಿಲ್ಲ. ಕಲ್ಲು ಕಂಡ್ರ 'ಇದೇನಿದು' ಅಂತ ಕೇಳು. ಮನಷ್ಯಾರ್ನ ಕಂಡ್ರ 'ಹೆಂಗದೀರಿ' ಅಂತ ಕೇಳಬೇಕು." ಯಾವ ನಿಘಂಟೂ ಆ ಪದಕ್ಕೆ ಇಷ್ಟು ಸರಿಯಾಗಿ ಬೇಲಿ ಹಾಕಿದ್ದನ್ನು ನಾನು ಈವರೆಗೆ ಕಂಡಿಲ್ಲ.

ಮಾಸ್ತರರ ಮದುವೆಗೆ ಗೊರೇಬಾಳಕ್ಕೆ ಹೋದೆವು. ಬಸ್ಸಿನ ಕಿಟಕಿಯ ಆಚೆ ಕಾಲುವೆಯ ನೀರು, ಮಂಡಿಯೆತ್ತರದ ಭತ್ತ, ಗದ್ದೆಯ ಕೆಸರಿನ ಸಿಹಿ ವಾಸನೆ. ನಮ್ಮ ಮಸ್ಕಿಯ ಒಣ ಎರೆಹೊಲಗಳಿಂದ ಬಂದವರಿಗೆ ಅದು ಬೇರೆಯೇ ದೇಶ. ಗಂಗತ್ತಿ ಹಿತ್ತಾಳೆಯ ಕೀಲಿಯನ್ನು ಹೊಸ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಮದುಮಗಳ ಕೈಗಿಟ್ಟು, "ಇದನ್ನ ಉಲ್ಟಾ ತಿರುವಿದ್ರs ತೆರಿತೈತಿ ನೋಡವ್ವಾ. ನಿನ್ನ ಗಂಡನೂ ಹಂಗs" ಅಂದಳು. ಮಾಸ್ತರರ ತಾಯಿ ಕೊಡದಿಂದ ನೀರು ತುಂಬಿದ ಚೆಂಬು ಹಿಡಿದು, ಕೊಡಬೇಕೋ ಬೇಡವೋ ಎಂದು ನಿಂತಿದ್ದಳು. ಗಂಗತ್ತಿ ಕೈ ಚಾಚಿ ಇಸಿದುಕೊಂಡು ಗಟಗಟ ಕುಡಿದಳು. ಆ ತಾಯಿ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು, "ನಮ್ಮ ಹುಡುಗ ನಿಮ್ಮ ಮನ್ಯಾಗ ಉಂಡು ದಪ್ಪ ಆಗ್ಯಾನ. ಈಗ ನೀವು ನಮ್ಮನ್ಯಾಗ ಉಂಡು ಒಂದೀಟು ದಪ್ಪ ಆಗ್ರಿ" ಎಂದು ಅನ್ನದ ಮೇಲೆ ಅನ್ನ ಬಡಿಸಿದಳು. ಇಬ್ಬರು ಹೆಂಗಸರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಸಂಜೆಯ ಬಸ್ಸಿನ ತನಕ ಮಾತಾಡಿದರು.

ಮಾಸ್ತರರಿಗೆ ಸಿಂಧನೂರಿಗೆ ವರ್ಗವಾಯಿತು. ನಾನು ಓದು ಮುಗಿಸಿ, ಮದುವೆಯಾಗಿ ಲಿಂಗಸುಗೂರು ಸೇರಿದೆ. ಅಪ್ಪ, ಅವ್ವ ಒಬ್ಬರ ಹಿಂದೆ ಒಬ್ಬರು ಹೋದರು. ರಸ್ತೆ ಅಗಲ ಮಾಡುವಾಗ ಮನೆಯ ಮುಂಭಾಗ, ಖೋಲಿ ಮತ್ತು ಅರ್ಧ ಪಡಸಾಲೆ ಹೋಯಿತು. ಅದಕ್ಕೂ ಮೊದಲೇ ಗಂಗತ್ತಿ ಅಲಮಾರನ್ನು ಬರಿದು ಮಾಡಿದ್ದಳು. ಯಾರಾದರೂ ಮಕ್ಕಳು ಬಂದು ಒಂದು ವಸ್ತುವಿನ ಮುಂದೆ ಬಹಳ ಹೊತ್ತು ನಿಂತು, ಬಗೆಬಗೆಯಾಗಿ ಪ್ರಶ್ನೆ ಕೇಳಿದರೆ ಅದನ್ನು ಅವರಿಗೇ ಕೊಟ್ಟುಬಿಡುತ್ತಿದ್ದಳಂತೆ. ಕಲ್ಲಿನ ಕೊಡಲಿ ಎಲ್ಲಿ ಹೋಯಿತೆಂದು ನನಗೆ ಗೊತ್ತಿಲ್ಲ. ಕೇಳಿದಾಗ, "ಕೇಳಾವ್ರ ಮನಿಗೆ ಹೋಗೈತಿ" ಅಂದಳು. ಉಳಿದ ಎರಡು ಕೋಣೆಗಳಲ್ಲಿ, ಓಣಿಯ ಮಕ್ಕಳ ಗದ್ದಲದ ನಡುವೆ, ಕೊನೆಯ ತನಕ ತನ್ನ ರೊಟ್ಟಿ ತಾನೇ ಬಡಿದುಕೊಂಡು ಬದುಕಿದಳು.

ಅವಳು ಹೋದದ್ದು ಒಂದು ಮಧ್ಯಾಹ್ನ, ನಿದ್ದೆಯಲ್ಲಿ. ಊರ ಹೊರಗಿನ ನಮ್ಮ ಎರೆಹೊಲದಲ್ಲಿ, ಅಜ್ಜನ ಪಕ್ಕದಲ್ಲೇ ಮಣ್ಣು ಮಾಡಿದೆವು. ದೊಡ್ಡಪ್ಪ ಬಂದಿದ್ದ. ಮಂಜಾದ ಕಣ್ಣು, ಮಗಳ ಹೆಗಲ ಆಸರೆ. ಎಲ್ಲರೂ ಒಬ್ಬೊಬ್ಬರಾಗಿ ಹಿಡಿ ಮಣ್ಣು, ಬಿಲ್ವಪತ್ರೆ ಹಾಕುತ್ತಿದ್ದರು. ಮಾಸ್ತರರು ಸಿಂಧನೂರಿನಿಂದ ಬಂದು, ಬದುವಿನ ಬಳಿ ಬೇವಿನ ಮರದ ಕೆಳಗೆ ದೂರ ನಿಂತಿದ್ದರು. ದೊಡ್ಡಪ್ಪ ತನ್ನ ಸರದಿ ಮುಗಿಸಿ ಹಿಂದೆ ಸರಿದವನು, ಆ ಕಡೆ ಮುಖ ತಿರುಗಿಸದೆಯೇ ನನಗೆ, "ಅವರ್ನ ಕರಿ" ಅಂದ. ಅಷ್ಟೇ. ಮಾಸ್ತರರು ಬಂದು ಮಣ್ಣು ಕೊಟ್ಟರು. ದೊಡ್ಡಪ್ಪ ಅವರಿಗೆ ದಾರಿ ಬಿಟ್ಟು ನಿಂತಿದ್ದ. ಅದು ಕ್ಷಮೆಯೋ, ಆಯಾಸವೋ, ತಂಗಿಯ ಮೇಲಿನ ಮಾಯೆಯೋ, ಹೇಳಲಾರೆ. ಕೆಲವು ತಿಂಗಳಲ್ಲಿ ಅವನೂ ಹೋದ.

ಹೋದ ತಿಂಗಳು ಸಿಂಧನೂರಿನ ಆ ಗೃಹಪ್ರವೇಶ ಮುಗಿಸಿ ಮಾಸ್ತರರ ಮನೆಗೆ ಹೋದೆ. ನಿವೃತ್ತಿಯಾಗಿ ಎಷ್ಟೋ ಕಾಲವಾಗಿದೆ. ತಲೆಯೆಲ್ಲ ಹತ್ತಿ. ನಾನು ಮಸ್ಕಿಯ ಹೊಲಕ್ಕೆ ಹೋಗಿ ಲಿಂಗಸುಗೂರಿಗೆ ಹೋಗುತ್ತೇನೆ ಅಂದಾಗ, "ತಡಿ ಶಾರದಾ, ನಾನೂ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡರು. ಹೊಲದಲ್ಲಿ ಹತ್ತಿ ಬಿಡಿಸಿಯಾಗಿತ್ತು. ಬರೀ ಕಡ್ಡಿಗಳು ನಿಂತಿದ್ದವು. ಗಂಗತ್ತಿಯ ಗದ್ದುಗೆಯ ಮೇಲೆ ಬಿದ್ದ ಒಣ ಎಲೆಗಳನ್ನು ಅವರು ಕೈಯಿಂದಲೇ ಸರಿಸಿ, ಸ್ವಲ್ಪ ಹೊತ್ತು ಕೂತರು. ಆಮೇಲೆ ತಟ್ಟನೆ ಕೇಳಿದರು: "ಅಕ್ಕಾರ ನಗು ಹೆಂಗಿತ್ತು, ನೆನಪೈತೇನು ನಿನಗ?"

ಐತಿ ಅನ್ನಲು ಬಾಯಿ ತೆರೆದೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದದ್ದು ನೆನಪಾಯಿತು. ಕುಲುಕುತ್ತಿದ್ದ ಹೆಗಲು, ಕಣ್ಣಂಚಿನಲ್ಲಿ ತುಂಬುತ್ತಿದ್ದ ನೀರು, ನಕ್ಕು ಸಾಕಾಗಿ ಗೋಡೆಗೆ ಒರಗುತ್ತಿದ್ದದ್ದು, ಎಲ್ಲ ನೆನಪಾಯಿತು. ಆ ನಗುವಿನ ದನಿ ಮಾತ್ರ ನೆನಪಿಗೆ ಬರಲಿಲ್ಲ. ಕಣ್ಣು ಮುಚ್ಚಿ ಕಾದೆ. ಪಕ್ಕದಲ್ಲಿ ಮಾಸ್ತರರೂ ಕಣ್ಣು ಮುಚ್ಚಿದ್ದರು.

"ನನಗೂ ಆ ದನಿ ನೆನಪಿಗೆ ಬರವಲ್ದು" ಅಂದರು. ರಸ್ತೆಯಲ್ಲಿ ಬಸ್ಸು ಬಂದ ಸದ್ದಾಯಿತು. ನಾವಿಬ್ಬರೂ ಏಳಲಿಲ್ಲ.